ಅಡಿಗೆಮನೆಯ ದುರಸ್ತಿ: ಮೊದಲ ರೂಪಾಯಿ ಎಲ್ಲಿಗೆ?



ಭತ್ತದ ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವಾಗ ಮನೆ ದುರಸ್ತಿಯ ಮಾತು ಏಳುತ್ತದೆ. ಹೆಚ್ಚಿನವರು ಮೊದಲು ಕೈಹಾಕುವದು ಪಡಸಾಲೆಗೆ. ಹಣ ಉಳಿದರೆ ಅಡಿಗೆಮನೆ ಎನ್ನುತ್ತಾರೆ, ಹಣ ಉಳಿಯುವದಿಲ್ಲ. ಜಾಂಬೋಟಿ, ಕಣಕುಂಬಿಯ ಕಡೆಗಂತೂ ಮಳೆಗಾಲದಲ್ಲಿ ಬಾಗಿಲು ಕಿಟಕಿ ಮುಚ್ಚಿಕೊಂಡು, ಹಸಿ ಕಟ್ಟಿಗೆ ಊದುತ್ತ ಅಡಿಗೆ ಆಗಬೇಕು. ಆ ಹೊಗೆಯಿಂದ ಹೆಣ್ಣುಮಕ್ಕಳಿಗೆ ಕೆಮ್ಮು, ದಮ್ಮು, ಕಣ್ಣುರಿ. ಒಲೆಯ ಬಳಿ ಆಡುವ ಕೂಸುಗಳಿಗೆ ನ್ಯುಮೋನಿಯಾದ ಭಯ. ಆದುದರಿಂದ ಮೊದಲ ರೂಪಾಯಿ ಬಣ್ಣಕ್ಕಲ್ಲ, ಫರಸಿಗಲ್ಲ. ಹೊಗೆ ಹೊರಗೆ ಹೋಗುವ ದಾರಿಗೆ.

ಹೊಗೆಯಿದ್ದರೆ ಜಂತೆಗೆ ಹುಳ ಹತ್ತುವದಿಲ್ಲವೆಂದು ಹಿರಿಯರು ಹೇಳುವರು. ಮಾತು ಸುಳ್ಳಲ್ಲ. ಆದರೆ ಜಂತೆಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯಬಹುದು, ಪುಪ್ಪುಸಕ್ಕೆ ಬಳಿಯಲಾಗದು.

ಗೌಂಡಿಯನ್ನು ಕರೆಯುವ ಮೊದಲು ಅಡಿಗೆ ಮಾಡುವವರನ್ನು ಕೇಳಿರಿ. ಒಲೆ ಎಲ್ಲಿ ಬೇಕು, ಕೂತು ಮಾಡುವರೋ ನಿಂತೋ, ಕೊಡ ಎಲ್ಲಿಡುವರು? ನೆಲದ ಮೇಲೆ ಸುಣ್ಣದಿಂದ ಗೆರೆ ಎಳೆದು, ಆ ಜಾಗದಲ್ಲಿ ಒಂದೆರಡು ದಿನ ಓಡಾಡಿ ನೋಡಲಿ. ಗೆರೆ ಅಳಿಸಲು ಖರ್ಚಿಲ್ಲ, ಕಟ್ಟಿದ ಕಟ್ಟೆ ಒಡೆಯಲು ಇದೆ.

ಮಣ್ಣು ಹೊರುವದು, ಹಳೆಯ ಗಿಲಾವು ಕೆರೆಯುವದು, ಸುಣ್ಣ ಬಳಿಯುವದು, ಒಂದೆರಡು ಹೆಂಚು ತೆಗೆದು ಗಾಜಿನ ಹೆಂಚು ಕೂಡ್ರಿಸುವದು ಮನೆಯವರೇ ಮಾಡುವ ಕೆಲಸ. ಒಲೆಗೆ ಹುತ್ತದ ಮಣ್ಣು, ಭತ್ತದ ಹೊಟ್ಟು, ಸಗಣಿ ಕೂಡಿಸಿ ತುಳಿದು, ಕೆಲವು ದಿನ ಕೊಳೆಯಲು ಬಿಡಿರಿ. ಆದರೆ ಮಣ್ಣಿನ ಗೋಡೆಯಲ್ಲಿ ಕಿಟಕಿ ಕೊರೆಯುವದನ್ನು ಗೌಂಡಿಗೇ ಬಿಡಿರಿ. ಮೇಲೆ ಗಟ್ಟಿ ತೊಲೆ ಕೊಡದೆ ಗೋಡೆ ಒಡೆದರೆ ಮಾಡೇ ಕೆಳಗೆ ಕೂಡ್ರುತ್ತದೆ. ಹೊಗೆ ಕೊಳವೆಯೂ ಅವನ ಪಾಲಿನದೇ.

ಕೊಳವೆಯ ಒಲೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲಿ ರೂಪಿಸಿದ ಅಸ್ತ್ರ ಒಲೆ ನಮ್ಮ ರಾಜ್ಯದ ಅನೇಕ ಹಳ್ಳಿಗಳಲ್ಲಿ ಬಂದಿತು. 1983ರಿಂದ ಕೇಂದ್ರ ಸರಕಾರವೂ ಸುಧಾರಿತ ಒಲೆಗಳನ್ನು ಹಂಚಿತು. ಅವುಗಳಲ್ಲಿ ಎಷ್ಟೋ ಒಲೆಗಳು ಕೆಲ ವರ್ಷಗಳಲ್ಲಿ ಮೂಲೆ ಸೇರಿದವು. ಕಟ್ಟುವಾಗ ಅಳತೆ ತಪ್ಪಿತ್ತು, ಇಲ್ಲವೆ ಕೊಳವೆಯ ಮಸಿ ತೆಗೆಯುವವರಿರಲಿಲ್ಲ. ನಿಮ್ಮ ಮನೆಯ ಪಾತ್ರೆಗಳನ್ನೇ ಇಟ್ಟು ಒಲೆಯ ಬಾಯಿ ಅಳೆಸಿರಿ; ಸಂದು ಬಿಟ್ಟರೆ ಹೊಗೆ ಅಲ್ಲಿಂದಲೇ ಬರುವದು. ಕೊಳವೆ ಹೆಂಚಿನ ಮೇಲೆ ಎರಡು ಮೂರು ಅಡಿ ಏರಲಿ, ತಲೆಗೆ ಟೋಪಿಯಿರಲಿ. ತಿಂಗಳಿಗೊಮ್ಮೆ ಮಸಿ ತೆಗೆಯಿರಿ.

2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಅನೇಕ ಮನೆಗಳಲ್ಲಿ ಗ್ಯಾಸೂ ಇದೆ, ಕಟ್ಟಿಗೆಯೂ ಇದೆ. ಎರಡನ್ನೂ ಒಂದೇ ಮೂಲೆಯಲ್ಲಿ ಇಡಬೇಡಿರಿ. ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಿದು ಬೆಂಕಿಯ ಕಡೆ ಹೋದೀತು. ಸಿಲಿಂಡರು ನೆಟ್ಟಗಿರಲಿ, ಅದರ ಒಲೆ ಕಟ್ಟೆಯ ಮೇಲೆ ಎತ್ತರದಲ್ಲಿರಲಿ, ಗೋಡೆಯ ಬುಡದಲ್ಲಿ ಗಾಳಿಕಂಡಿ ಇರಲಿ. ಈ ಕಂಡಿಗೆ ಖರ್ಚು ಕಡಿಮೆ, ಆದರೂ ಮರೆಯುವವರೇ ಹೆಚ್ಚು.

ಒಟ್ಟು ಹಣದಲ್ಲಿ ನಾಲ್ಕನೆಯ ಒಂದು ಪಾಲು ಬದಿಗಿಟ್ಟು ಲೆಕ್ಕ ಹಾಕಿರಿ. ಹಳೆಯ ಗೋಡೆ ಕೆರೆದಾಗ ಒಳಗೆ ಏನು ಕಾದಿದೆಯೋ ತಿಳಿಯದು. ಮಣ್ಣು ಒಣಗಲು ಬಿಸಿಲು ಬೇಕಾದುದರಿಂದ ಕೆಲಸ ಹೋಳಿ ಹುಣ್ಣಿಮೆಯೊಳಗೆ ಮುಗಿಯಲಿ. ಗೌಂಡಿಯ ಕೊನೆಯ ಕಂತನ್ನು ತಡೆದಿಡಿರಿ. ಒಲೆ ಒಣಗಿದ ಮೇಲೆ ಉರಿ ಹಾಕಿ ಹೊಗೆ ಯಾವ ಕಡೆ ಹೋಗುವದು ನೋಡಿರಿ. ಕೊಳವೆಯ ಸುತ್ತ ಹೆಂಚಿನ ಮೇಲೆ ಎರಡು ಕೊಡ ನೀರು ಸುರುವಿ, ಒಳಗೆ ಸೋರದಿದ್ದರೆ ಹಣ ಎಣಿಸಿರಿ.