ಬರಿದಾದ ಬೊಕ್ಕಸ

ಮಳೆ ಕೈಕೊಟ್ಟ ವರ್ಷ ಊರ ಕೆರೆಯನ್ನು ಕಂಡವರಿಗೆ ಒಂದು ಸಂಗತಿ ಗೋಚರವಾಗದೆ ಇರದು. ನೀರು ದಡವನ್ನು ಬಿಟ್ಟು ನಡುವಿನ ಗುಂಡಿಗೆ ಇಳಿದಿರುತ್ತದೆ. ಒಳ್ಳೆಯ ಕಾಲದಲ್ಲಿ ಆ ಕಡೆ ತಿರುಗಿಯೂ ನೋಡದಿದ್ದ ಮಂದಿ, ತಮ್ಮ ತಮ್ಮ ಬಾವಿಗಳು ಬತ್ತಿಹೋದುದರಿಂದ, ಕೊಡ ಹಿಡಿದು, ದನಕರುಗಳನ್ನು ಹೊಡೆದುಕೊಂಡು ಅದೇ ಗುಂಡಿಗೆ ಬರುತ್ತಾರೆ. ನೀರು ಕಡಮೆಯಾದಾಗಲೇ ಅದನ್ನು ಬೇಡುವವರ ಸಂಖ್ಯೆ ಹೆಚ್ಚುತ್ತದೆ. ಆರ್ಥಿಕ ಹಿಂಜರಿತದ ಕಾಲದಲ್ಲಿ ರಾಜ್ಯ ಸರ್ಕಾರಗಳ ಬೊಕ್ಕಸದ ಪಾಡೂ ಹೀಗೆಯೇ ಆಗಿರುತ್ತದೆ.

ಹಿಂಜರಿತವೆಂದರೆ ವ್ಯಾಪಾರ ಕುಗ್ಗಿ, ಕಾರ್ಖಾನೆಗಳು ಉತ್ಪಾದನೆಯನ್ನು ತಗ್ಗಿಸಿ, ದುಡಿಯುವ ಕೈಗಳಿಗೆ ಕೆಲಸವಿಲ್ಲದಂತಾಗುವ ಕಾಲ. ಕೊಳ್ಳುವವರಿಲ್ಲದಿದ್ದರೆ ಮಾರಾಟದ ಮೇಲಿನ ತೆರಿಗೆ ಬಾರದು; ಸಂಬಳವಿಲ್ಲದಿದ್ದರೆ ವರಮಾನ ತೆರಿಗೆ ಬಾರದು; ಮನೆ ನಿವೇಶನಗಳು ಕೈಬದಲಾಗದಿದ್ದರೆ ನೋಂದಣಿ ಶುಲ್ಕವೂ ಬಾರದು. ಸರ್ಕಾರದ ಆದಾಯ ಹೀಗೆ ಇಳಿಯುತ್ತಿರುವಾಗಲೇ ಸರ್ಕಾರಿ ಆಸ್ಪತ್ರೆಯ ಬಾಗಿಲಲ್ಲಿ ಸಾಲು ಬೆಳೆಯುತ್ತದೆ, ಪಡಿತರದ ಅಂಗಡಿಗೆ ಹೊಸಬರು ಬರುತ್ತಾರೆ, ಖಾಸಗಿ ಶಾಲೆಯ ಶುಲ್ಕವನ್ನು ತೆರಲಾರದವರು ಮಕ್ಕಳನ್ನು ಸರ್ಕಾರಿ ಶಾಲೆಗೆ ಕರೆತರುತ್ತಾರೆ.

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದು ನಮ್ಮ ಹಿರಿಯರ ಮಾತು. ಒಂದು ಸಂಸಾರಕ್ಕೆ ಅದು ಸರಿಯಾದ ಮಾತೇ. ಆದರೆ ಒಂದು ರಾಜ್ಯಕ್ಕೆ ಅದು ಅಷ್ಟು ಸರಳವಾಗಿ ಒಪ್ಪುವುದಿಲ್ಲ. ಸರ್ಕಾರ ಮಾಡುವ ವೆಚ್ಚವೆಲ್ಲ ಯಾರದೋ ಆದಾಯವಾಗಿರುತ್ತದೆ. ರಸ್ತೆಯ ಕೆಲಸ ನಿಂತರೆ ಜಲ್ಲಿ ಒಡೆಯುವವನಿಗೆ ಕೂಲಿಯಿಲ್ಲ. ಅವನು ಅಂಗಡಿಗೆ ಹೋಗುವುದಿಲ್ಲ. ಅಂಗಡಿಯವನು ಸಗಟು ವ್ಯಾಪಾರಿಯಿಂದ ಸಾಮಾನು ತರಿಸುವುದಿಲ್ಲ. ಕೊನೆಗೆ ಆ ಅಂಗಡಿಯಿಂದ ಬರಬೇಕಾಗಿದ್ದ ತೆರಿಗೆಯೂ ಸರ್ಕಾರಕ್ಕೆ ಬರುವುದಿಲ್ಲ. ಕಾಲನ್ನು ಮಡಿಸಿದಷ್ಟೂ ಹಾಸಿಗೆಯೇ ಚಿಕ್ಕದಾಗುತ್ತ ಹೋಗುತ್ತದೆ! ಆದುದರಿಂದ ಇಂಥ ಕಾಲದಲ್ಲಿ ಸರ್ಕಾರ ಸಾಲ ಮಾಡಿಯಾದರೂ ವೆಚ್ಚವನ್ನು ಉಳಿಸಿಕೊಳ್ಳಬೇಕೆಂದು ಬ್ರಿಟಿಷ್ ಅರ್ಥಶಾಸ್ತ್ರಜ್ಞ ಕೇನ್ಸ್ 1930ರ ದಶಕದ ಮಹಾಮುಗ್ಗಟ್ಟಿನ ದಿನಗಳಲ್ಲಿ ವಾದಿಸಿದನು. ಒಂದು ದೇಶದ ಕೇಂದ್ರ ಸರ್ಕಾರ ಈ ಮಾತನ್ನು ಅನುಸರಿಸಬಹುದು. ರಾಜ್ಯ ಸರ್ಕಾರದ ಕೈಯಾದರೋ ಕಟ್ಟಿದೆ. ಅದಕ್ಕೆ ನೋಟು ಮುದ್ರಿಸುವ ಅಧಿಕಾರವಿಲ್ಲ, ಸಾಲಕ್ಕೂ ಮಿತಿಯುಂಟು.

ಅಮೆರಿಕಾ ಸಂಯುಕ್ತ ಸಂಸ್ಥಾನದ ಐವತ್ತು ರಾಜ್ಯಗಳಲ್ಲಿ ವರ್ಮಾಂಟ್ ಒಂದನ್ನುಳಿದು ಎಲ್ಲವೂ ವರ್ಷದ ಆಯವ್ಯಯವನ್ನು ಒಂದಲ್ಲ ಒಂದು ಬಗೆಯಲ್ಲಿ ಸರಿದೂಗಿಸಲೇಬೇಕೆಂಬ ಕಟ್ಟಳೆಗೆ ಒಳಪಟ್ಟಿವೆ. ಈ ಕಟ್ಟಳೆ ಕಷ್ಟಕಾಲದಲ್ಲಿ ಹೇಗೆ ಹಿಂಡುತ್ತದೆಂಬುದನ್ನು ತಿಳಿಯಲು 2009ನೆಯ ಇಸವಿಯ ಕ್ಯಾಲಿಫೋರ್ನಿಯಾವನ್ನು ನೋಡಬೇಕು. ಆ ದೇಶದಲ್ಲಿ ಅತ್ಯಂತ ಹೆಚ್ಚು ಜನಸಂಖ್ಯೆಯುಳ್ಳ, ಅತ್ಯಂತ ಹೆಚ್ಚು ಸಂಪತ್ತನ್ನು ಉತ್ಪಾದಿಸುವ ರಾಜ್ಯ ಅದು. ಚಲನಚಿತ್ರ ನಟರಾಗಿ ಪ್ರಸಿದ್ಧರಾಗಿದ್ದ ಆರ್ನಾಲ್ಡ್ ಶ್ವಾರ್ಜ಼್‌ನೆಗರ್ ಆಗ ಅದರ ಗವರ್ನರರು. (ಅಲ್ಲಿ ಗವರ್ನರರು ಜನರಿಂದ ಚುನಾಯಿತರಾಗಿ ಆಡಳಿತ ನಡೆಸುವವರು, ನಮ್ಮ ರಾಜ್ಯಪಾಲರಂತಲ್ಲ.) ಮನೆಸಾಲಗಳ ಕುಸಿತದಿಂದ ಹುಟ್ಟಿದ ಹಿಂಜರಿತ ಆ ರಾಜ್ಯವನ್ನು ಬಲವಾಗಿ ತಟ್ಟಿತ್ತು.

ಫೆಬ್ರವರಿಯಲ್ಲಿ ಅಲ್ಲಿಯ ಶಾಸನಸಭೆ ಮಾರಾಟ ತೆರಿಗೆ, ವರಮಾನ ತೆರಿಗೆ, ವಾಹನ ಶುಲ್ಕ ಮೂರನ್ನೂ ತಾತ್ಕಾಲಿಕವಾಗಿ ಏರಿಸಿತು. ಸರ್ಕಾರಿ ನೌಕರರಿಗೆ ತಿಂಗಳಿಗೆ ಎರಡು ಶುಕ್ರವಾರ ವೇತನವಿಲ್ಲದ ಕಡ್ಡಾಯ ರಜೆ ಬಂದಿತು. ಅಷ್ಟಕ್ಕೇ ಮುಗಿಯಲಿಲ್ಲ. ಖೋತಾ ತುಂಬುವ ಇನ್ನು ಕೆಲವು ಕ್ರಮಗಳನ್ನು ಮೇ 19ರಂದು ಜನರ ಮತಕ್ಕೆ ಹಾಕಲಾಯಿತು. ಇದ್ದುದು ಆರು ಪ್ರಸ್ತಾವನೆಗಳು. ಮತದಾರರು ಐದನ್ನು ತಿರಸ್ಕರಿಸಿದರು. ಅವರು ಒಪ್ಪಿದ ಒಂದೇ ಒಂದು ಪ್ರಸ್ತಾವನೆ ಯಾವುದು ಗೊತ್ತೆ? ಖೋತಾ ಇರುವ ವರ್ಷ ಶಾಸಕರ ಸಂಬಳವನ್ನು ಏರಿಸಕೂಡದು ಎಂಬುದು. ಜನರ ಸಿಟ್ಟು ಅದರಿಂದ ವ್ಯಕ್ತವಾಯಿತೇ ಹೊರತು ಬೊಕ್ಕಸಕ್ಕೆ ಏನೂ ಬರಲಿಲ್ಲ.

ಅಲ್ಲಿಯ ಆರ್ಥಿಕ ವರ್ಷ ಜುಲೈ 1ಕ್ಕೆ ಆರಂಭವಾಗುತ್ತದೆ. ಆ ದಿನ ಬಂದರೂ, ಕೊರತೆಯನ್ನು ಹೇಗೆ ತುಂಬಬೇಕೆಂಬ ಬಗ್ಗೆ ಒಮ್ಮತ ಮೂಡಲಿಲ್ಲ. ಮುಂಗಡಪತ್ರಕ್ಕೆ ಮೂರರಲ್ಲಿ ಎರಡು ಪಾಲು ಸದಸ್ಯರ ಒಪ್ಪಿಗೆ ಬೇಕೆಂಬ ನಿಯಮ ಆಗ ಅಲ್ಲಿತ್ತು. ಖಜಾನೆಯಲ್ಲಿ ಹಣವಿಲ್ಲ. ಜುಲೈ 2ರಿಂದ ರಾಜ್ಯ ಸರ್ಕಾರ ಹಣದ ಬದಲು ಋಣಚೀಟಿಗಳನ್ನು ಹಂಚತೊಡಗಿತು. ‘ಇಷ್ಟು ಹಣ ನಿಮಗೆ ಸಲ್ಲಬೇಕಾಗಿದೆ, ಬಡ್ಡಿಯೊಡನೆ ಮುಂದೆ ಕೊಡುತ್ತೇವೆ’ ಎಂಬುದು ಆ ಚೀಟಿಯ ತಾತ್ಪರ್ಯ. ಬಡ್ಡಿಯ ದರ ಶೇಕಡಾ 3.75. ಸರ್ಕಾರಕ್ಕೆ ಸಾಮಾನು ಒದಗಿಸಿದ ವ್ಯಾಪಾರಿಗಳು, ಹೆಚ್ಚಾಗಿ ಕಟ್ಟಿದ ತೆರಿಗೆಯನ್ನು ಹಿಂದಕ್ಕೆ ಪಡೆಯಬೇಕಾಗಿದ್ದ ಸಾಮಾನ್ಯ ಪ್ರಜೆಗಳು, ಇವರಿಗೆಲ್ಲ ಸಿಕ್ಕಿದ್ದು ಈ ಕಾಗದ. ಮೊದಲ ಕೆಲವು ದಿನ ಬ್ಯಾಂಕುಗಳು ಅದನ್ನು ಹಣವೆಂದೇ ಸ್ವೀಕರಿಸಿದವು. ವಾರ ಕಳೆಯುತ್ತಲೇ ದೊಡ್ಡ ಬ್ಯಾಂಕುಗಳು ಕೈಚೆಲ್ಲಿದವು. ಹೀಗೆ ಹೊರಟ ಚೀಟಿಗಳು ಸುಮಾರು ನಾಲ್ಕೂವರೆ ಲಕ್ಷ. ಅವುಗಳ ಮೊತ್ತ ಸುಮಾರು 260 ಕೋಟಿ ಡಾಲರ್. ಸೆಪ್ಟೆಂಬರಿನಲ್ಲಿ ಸರ್ಕಾರ ಅವನ್ನು ಮರಳಿ ಪಡೆದು ಹಣ ಕೊಟ್ಟಿತು.

ಜುಲೈ ತಿಂಗಳ ಕೊನೆಗೆ ಮುಂಗಡಪತ್ರ ಅಂಗೀಕಾರವಾಯಿತು. ತುಂಬಬೇಕಾಗಿದ್ದ ಕಂದರ ಸುಮಾರು 2,600 ಕೋಟಿ ಡಾಲರ್. ಶಾಲೆ, ವಿಶ್ವವಿದ್ಯಾಲಯ, ಬಡವರ ಆರೋಗ್ಯ, ಎಲ್ಲದಕ್ಕೂ ಕತ್ತರಿ ಬಿತ್ತು. ನೌಕರರ ವೇತನವಿಲ್ಲದ ರಜೆ ತಿಂಗಳಿಗೆ ಮೂರು ದಿನವಾಯಿತು. ಇವುಗಳ ನಡುವೆ ಒಂದು ಜಾಣತನವೂ ಇತ್ತು. 2010ರ ಜೂನ್ 30ಕ್ಕೆ ಕೊಡಬೇಕಾಗಿದ್ದ ಸಂಬಳವನ್ನು ಒಂದೇ ಒಂದು ದಿನ ಮುಂದಕ್ಕೆ, ಜುಲೈ 1ಕ್ಕೆ, ತಳ್ಳಲಾಯಿತು. ಜುಲೈ 1 ಮರುವರ್ಷದ ಲೆಕ್ಕಕ್ಕೆ ಸೇರುತ್ತದಷ್ಟೆ. ಇದರಿಂದ ನೂರು ಕೋಟಿ ಡಾಲರಿಗೂ ಮೀರಿದ ವೆಚ್ಚ ಆ ವರ್ಷದ ಕಾಗದದಿಂದ ಮಾಯವಾಯಿತು! ಒಂದು ಬಿಡಿಕಾಸೂ ಉಳಿಯಲಿಲ್ಲ. ಲೆಕ್ಕ ಮಾತ್ರ ಸರಿಹೋಯಿತು. ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ತನ್ನ ಶುಲ್ಕವನ್ನು ಶೇಕಡಾ 32ರಷ್ಟು ಏರಿಸಿದಾಗ ವಿದ್ಯಾರ್ಥಿಗಳು ಬೀದಿಗಿಳಿದರು. ಸರ್ಕಾರ ಬಿಟ್ಟ ಭಾರವನ್ನು ಅವರ ಸಂಸಾರಗಳು ಹೊರಬೇಕಾಗಿದ್ದಿತು.

ಪೆಸಿಫಿಕ್ ಸಾಗರದ ನಡುವಿನ ಹವಾಯಿ ರಾಜ್ಯದಲ್ಲಿ ನಡೆದುದು ನಿಮ್ಮ ವಯಸ್ಸಿನವರಿಗೆ ಇನ್ನೂ ಹತ್ತಿರದ ಸಂಗತಿ. ಪ್ರವಾಸಿಗಳನ್ನೇ ಬಹುವಾಗಿ ನಂಬಿದ ದ್ವೀಪಗಳವು. ಪ್ರವಾಸಿಗಳು ಕಡಮೆಯಾದರು, ಬೊಕ್ಕಸ ಸೊರಗಿತು. 2009–10ನೆಯ ಶೈಕ್ಷಣಿಕ ವರ್ಷದಲ್ಲಿ ಅಲ್ಲಿಯ ಸರ್ಕಾರಿ ಶಾಲೆಗಳನ್ನು ಹದಿನೇಳು ಶುಕ್ರವಾರ ಮುಚ್ಚಲು ನಿರ್ಧರಿಸಲಾಯಿತು. ಉಪಾಧ್ಯಾಯರಿಗೆ ಆ ದಿನಗಳ ಸಂಬಳವಿಲ್ಲ, ಮಕ್ಕಳಿಗೆ ಪಾಠವಿಲ್ಲ. ರಜೆಯೆಂದು ಮೊದಲು ಹಿಗ್ಗಿದ ಮಕ್ಕಳೂ ಇದ್ದಿರಬೇಕು. ಆದರೆ ತಂದೆತಾಯಿಗಳು ಕೆಲಸಕ್ಕೆ ಹೋಗುವ ಮನೆಗಳಲ್ಲಿ ಎಳೆಯ ಮಕ್ಕಳನ್ನು ನೋಡಿಕೊಳ್ಳುವವರಾರು? ಹಣವುಳ್ಳವರು ಬೇರೆ ಏರ್ಪಾಡು ಮಾಡಿಕೊಂಡಾರು, ಉಳಿದವರು? 2010ರ ಏಪ್ರಿಲಿನಲ್ಲಿ ಕೆಲವು ತಂದೆತಾಯಿಗಳು ಗವರ್ನರರ ಕಚೇರಿಯಲ್ಲಿಯೇ ಧರಣಿ ಕುಳಿತರು. ಕೊನೆಗೆ ಚಂಡಮಾರುತದ ಪರಿಹಾರಕ್ಕೆಂದು ಎತ್ತಿಟ್ಟಿದ್ದ ನಿಧಿಯಿಂದ ಹಣ ತೆಗೆದು, ಮರುವರ್ಷದ ಶುಕ್ರವಾರಗಳನ್ನು ಶಾಲೆಗೆ ಮರಳಿಸಲಾಯಿತು. ಕಳೆದುಹೋದ ಪಾಠದ ದಿನಗಳು ಮಾತ್ರ ಮರಳಲಿಲ್ಲ.

ಕೇಂದ್ರ ಸರ್ಕಾರ ಕೈ ನೀಡದಿದ್ದರೆ ಸ್ಥಿತಿ ಇನ್ನೂ ಕೆಡುತ್ತಿತ್ತು. 2009ರ ಫೆಬ್ರವರಿಯಲ್ಲಿ ಅಮೆರಿಕಾದ ಕೇಂದ್ರ ಸರ್ಕಾರ ಮಾಡಿದ ಪುನಶ್ಚೇತನ ಕಾನೂನಿನಲ್ಲಿ ಮುಖ್ಯವಾಗಿ ಶಿಕ್ಷಣವನ್ನು ಉಳಿಸಲೆಂದು ರಾಜ್ಯಗಳಿಗೆ ಮೀಸಲಿಟ್ಟ ಹಣವೇ ಸುಮಾರು 5,360 ಕೋಟಿ ಡಾಲರ್. ಬಡವರ ವೈದ್ಯಕೀಯ ವೆಚ್ಚಕ್ಕೆ ಕೊಟ್ಟುದು ಬೇರೆ.

ಕ್ಯಾಲಿಫೋರ್ನಿಯಾ ಪೆಟ್ಟು ತಿಂದು ಪಾಠ ಕಲಿಯಿತೆನ್ನಬಹುದು. 2012ರಲ್ಲಿ, ಹೆಚ್ಚಾಗಿ ಶ್ರೀಮಂತರ ಮೇಲೆ ಬೀಳುವ ಹೆಚ್ಚುವರಿ ತೆರಿಗೆಗೆ ಅದೇ ಮತದಾರರು ಸಮ್ಮತಿಯಿತ್ತರು. 2014ರಲ್ಲಿ, ಸುಭಿಕ್ಷದ ವರ್ಷಗಳ ಆದಾಯದಲ್ಲಿ ಒಂದು ಭಾಗವನ್ನು ಆಪತ್ಕಾಲದ ನಿಧಿಗೆ ಕಡ್ಡಾಯವಾಗಿ ಸೇರಿಸಬೇಕೆಂಬ ನಿಯಮಕ್ಕೆ ಒಪ್ಪಿದರು. 2020ರಲ್ಲಿ ಕೊರೋನಾ ಮಹಾಮಾರಿ ಬಂದಾಗ ಆ ನಿಧಿಯಲ್ಲಿ ಸುಮಾರು 1,600 ಕೋಟಿ ಡಾಲರ್ ಇದ್ದಿತು. ಅದರಲ್ಲಿ ಅರ್ಧದಷ್ಟನ್ನು ತೆಗೆದು ಬಳಸಲು ಸರ್ಕಾರ ನಿಶ್ಚಯಿಸಿತು. ಋಣಚೀಟಿ ಹಂಚುವ ಪ್ರಸಂಗ ಬರಲಿಲ್ಲ.

ನಮ್ಮ ದೇಶದ ರಾಜ್ಯಗಳಿಗೂ ಅದೇ 2020 ಅಗ್ನಿಪರೀಕ್ಷೆಯ ವರ್ಷ. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಅಂಗಡಿಗಳಿಲ್ಲ, ಬಸ್ಸುಗಳಿಲ್ಲ, ನೋಂದಣಿಯಿಲ್ಲ. ರಾಜ್ಯಗಳ ಆದಾಯದ ಊಟೆಗಳೆಲ್ಲ ಒಮ್ಮೆಗೇ ನಿಂತವು. ಇತ್ತ ಆಸ್ಪತ್ರೆಗೆ ಹಾಸಿಗೆ ಬೇಕು, ಊರಿಗೆ ಮರಳುವ ಕೂಲಿಗಾರರಿಗೆ ಅನ್ನ ಬೇಕು. ಕೇರಳ ಸರ್ಕಾರ ತನ್ನ ನೌಕರರ ಸಂಬಳದಲ್ಲಿ ತಿಂಗಳಿಗೆ ಆರು ದಿನದ ಪಾಲನ್ನು ಐದು ತಿಂಗಳ ಕಾಲ ತಡೆಹಿಡಿಯಲು ಹೊರಟಿತು. ಇಪ್ಪತ್ತು ಸಾವಿರ ರೂಪಾಯಿಗಿಂತ ಕಡಮೆ ಸಂಬಳದವರಿಗೆ ವಿನಾಯಿತಿಯಿತ್ತು. ಕಾನೂನಿನ ಆಧಾರವಿಲ್ಲವೆಂದು ಅಲ್ಲಿಯ ಉಚ್ಚ ನ್ಯಾಯಾಲಯ ಅದಕ್ಕೆ ತಡೆಯಾಜ್ಞೆ ನೀಡಿತು. ಕೂಡಲೆ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಆಧಾರವನ್ನು ಒದಗಿಸಿಕೊಂಡಿತು. ದೆಹಲಿ ಸರ್ಕಾರ ಮೇ ತಿಂಗಳಲ್ಲಿ ಮದ್ಯದ ಬೆಲೆಯ ಮೇಲೆ ಶೇಕಡಾ 70ರ ವಿಶೇಷ ಶುಲ್ಕ ಹೇರಿತು. ಸುಲಭವಾಗಿ ಕೈಗೆ ಸಿಗುವ ಆದಾಯವೇನೋ ನಿಜ. ಆದರೆ ಆ ಹಣ ಎಷ್ಟೋ ಮನೆಗಳಲ್ಲಿ ಹೆಂಡತಿ ಮಕ್ಕಳ ಊಟದಿಂದ ಬಂದುದೆಂಬುದನ್ನು ಮರೆಯಲಾಗದು.

ಕರ್ನಾಟಕದ ಪಾಡನ್ನೂ ನೋಡೋಣ. ಖೋತಾಕ್ಕೆ ಮಿತಿ ಹಾಕುವ ವಿತ್ತೀಯ ಹೊಣೆಗಾರಿಕೆ ಕಾಯಿದೆಯನ್ನು 2002ರಲ್ಲಿ ದೇಶದಲ್ಲೇ ಮೊದಲು ಮಾಡಿದ ರಾಜ್ಯ ನಮ್ಮದು. ರಾಜ್ಯದ ಒಟ್ಟು ಉತ್ಪನ್ನದ ಶೇಕಡಾ 3ನ್ನು ಖೋತಾ ಮೀರಕೂಡದೆಂಬುದು ನಿಯಮ. 2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಎಲ್ಲ ರಾಜ್ಯಗಳ ಸಾಲದ ಮಿತಿಯನ್ನು ಶೇಕಡಾ 5ಕ್ಕೆ ಏರಿಸಿತು. ಅದರಲ್ಲಿ ಬಹುಪಾಲನ್ನು ಪಡೆಯಬೇಕಾದರೆ ಪಡಿತರ, ವಿದ್ಯುತ್ ಮೊದಲಾದವುಗಳಲ್ಲಿ ಸುಧಾರಣೆ ಮಾಡಬೇಕೆಂದು ಕಟ್ಟಲೆಯಿಟ್ಟಿತು. ಕೇಂದ್ರಕ್ಕೆ ಬಾಕಿಯಿರುವ ರಾಜ್ಯ ಹೊಸ ಸಾಲ ಎತ್ತಬೇಕಾದರೆ ಕೇಂದ್ರದ ಒಪ್ಪಿಗೆ ಬೇಕೆಂದು ಸಂವಿಧಾನದ 293ನೆಯ ಅನುಚ್ಛೇದ ಹೇಳುತ್ತದೆ. ಆ ಒಪ್ಪಿಗೆಯ ಬಲದಿಂದ ನಮ್ಮ ಶಾಸನಸಭೆಯೂ ಕಾಯಿದೆಯನ್ನು ತಿದ್ದಿ ಮಿತಿಯನ್ನು ಸಡಿಲಿಸಿತು.

ತೆರಿಗೆ ಏರಿಸೋಣವೆಂದರೆ, 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಬಂದ ಮೇಲೆ, ಬಹುತೇಕ ಪದಾರ್ಥಗಳ ದರವನ್ನು ಒಂದು ರಾಜ್ಯ ತಾನೊಂದೇ ಬದಲಿಸುವಂತಿಲ್ಲ. ಆ ಅಧಿಕಾರವನ್ನು ಬಿಟ್ಟುಕೊಟ್ಟುದಕ್ಕೆ ಪ್ರತಿಯಾಗಿ, ರಾಜ್ಯಗಳ ಆದಾಯ ವರ್ಷಕ್ಕೆ ಶೇಕಡಾ 14ರಂತೆ ಬೆಳೆಯದಿದ್ದರೆ ಐದು ವರ್ಷಗಳ ಕಾಲ ನಷ್ಟವನ್ನು ತುಂಬಿಕೊಡಲಾಗುವುದೆಂಬ ಭರವಸೆ ಕಾನೂನಿನಲ್ಲಿಯೇ ಇತ್ತು. ಅದಕ್ಕೆಂದೇ ಕಾರು, ತಂಬಾಕು, ಕಲ್ಲಿದ್ದಲು ಮೊದಲಾದವುಗಳ ಮೇಲೆ ಒಂದು ಸೆಸ್ಸನ್ನು ವಿಧಿಸಲಾಗಿತ್ತು. 2020ರಲ್ಲಿ ಆ ಸೆಸ್ಸೇ ಕುಸಿಯಿತು. ಹಾಗಾದರೆ ಸಾಲ ಮಾಡುವವರು ಯಾರು? ರಾಜ್ಯಗಳೇ ಮಾಡಲೆಂದು ಕೇಂದ್ರ. ಭರವಸೆ ಕೊಟ್ಟವರೇ ಮಾಡಬೇಕೆಂದು ಹಲವು ರಾಜ್ಯಗಳು. ಆಗಸ್ಟಿನಿಂದ ಅಕ್ಟೋಬರಿನವರೆಗೆ ಈ ವಾಗ್ವಾದ ನಡೆಯಿತು. ಮನೆಗೆ ಬೆಂಕಿ ಬಿದ್ದಾಗ ಹಗ್ಗದ ಖರ್ಚು ಯಾರದೆಂದು ಬಾವಿಯ ಕಟ್ಟೆಯ ಮೇಲೆ ಚರ್ಚಿಸಿದಂತೆ ಅದು ಕಂಡರೂ, ಒಪ್ಪಂದದ ಮಾತನ್ನು ಕೇಳುವ ಹಕ್ಕು ರಾಜ್ಯಗಳಿಗೆ ಇದ್ದೇ ಇತ್ತು. ಕೊನೆಗೆ ಕೇಂದ್ರವೇ ಆ ವರ್ಷಕ್ಕೆ 1,10,000 ಕೋಟಿ ರೂಪಾಯಿ, ಮರುವರ್ಷಕ್ಕೆ 1,59,000 ಕೋಟಿ ರೂಪಾಯಿ ಸಾಲವೆತ್ತಿ ರಾಜ್ಯಗಳಿಗೆ ಹಂಚಿತು. ಐದು ವರ್ಷಗಳ ಅವಧಿ 2022ರ ಜೂನ್ 30ಕ್ಕೆ ಮುಗಿಯಿತು. ಸೆಸ್ಸು ಮಾತ್ರ ನಿಲ್ಲಲಿಲ್ಲ. ಮಹಾಮಾರಿಯ ವರ್ಷದ ಕೊರತೆಯನ್ನು ತುಂಬಿದ ಆ ಸಾಲವನ್ನು ತೀರಿಸಲು, ಮುಂದಿನ ವರ್ಷಗಳಲ್ಲಿ ಕಾರು ಕೊಂಡವರಿಂದಲೂ ಕಲ್ಲಿದ್ದಲು ಉರಿಸಿದ ಕಾರ್ಖಾನೆಗಳಿಂದಲೂ ಅದನ್ನು ವಸೂಲು ಮಾಡುತ್ತ ಬರಲಾಯಿತು.