ಶಾಲೆಯ ಒಂದು ವರ್ಷ: ಮಗುವಿನ ಆರೋಗ್ಯದಲ್ಲಿ ಏನನ್ನು ನಿರೀಕ್ಷಿಸಬೇಕು?

ಜೂನ್ ತಿಂಗಳು ಬಂತೆಂದರೆ ನನ್ನ ಚಿಕಿತ್ಸಾಲಯದ ಬೆಂಚಿನ ಮೇಲೆ ಹೊಸ ಸಮವಸ್ತ್ರ ತೊಟ್ಟ ಪುಟಾಣಿಗಳ ಸಂಖ್ಯೆ ಹೆಚ್ಚುತ್ತದೆ. ಜೊತೆಯಲ್ಲಿ ಬರುವ ತಾಯಂದಿರ ದೂರು ಬಹುತೇಕ ಒಂದೇ: "ಅಂಗನವಾಡಿಗೆ ಹೋಗ್ವಾಗ ಚೆನ್ನಾಗಿದ್ದ ಡಾಕ್ಟ್ರೇ. ಸ್ಕೂಲಿಗೆ ಸೇರಿಸಿದ್ಮೇಲೆ ತಿಂಗಳಿಗೊಂದು ಸಲ ನೆಗಡಿ, ಜ್ವರ. ಶಕ್ತಿಗೆ ಏನಾದ್ರೂ ಬರ್ಕೊಡಿ."

ಮಗುವಿಗೆ ಶಕ್ತಿ ಕಡಿಮೆಯಾಗಿದೆಯೇ? ಹೆಚ್ಚಿನ ಮಕ್ಕಳಲ್ಲಿ ಇಲ್ಲ. ಪ್ರಾಥಮಿಕ ಶಾಲೆಯ ಒಂದು ವರ್ಷದಲ್ಲಿ ಯಾವುದು ಸಹಜ, ಯಾವುದು ಅಲ್ಲ ಎಂದು ಪೋಷಕರಿಗೆ ಮೊದಲೇ ತಿಳಿದಿದ್ದರೆ ಅರ್ಧ ಗಾಬರಿಯೂ, ಅರ್ಧ ಔಷಧಿಯೂ ಕಡಿಮೆಯಾಗುತ್ತವೆ.

ಮಳೆಗಾಲದ ನೆಗಡಿ

ಮೂವತ್ತು ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತರೆ ವೈರಾಣುಗಳಿಗೆ ಹಬ್ಬ. ಆರೋಗ್ಯವಂತ ಮಗುವಿಗೂ ವರ್ಷಕ್ಕೆ ಆರರಿಂದ ಎಂಟು ಸಲ ನೆಗಡಿಯಾಗಬಹುದು. ಪ್ರತಿ ನೆಗಡಿಯೂ ವಾರದಿಂದ ಹತ್ತು ದಿನ ಇರುತ್ತದೆ, ಕೆಮ್ಮು ಇನ್ನೂ ಕೆಲವು ದಿನ ಉಳಿಯುತ್ತದೆ. ಹೀಗಾಗಿ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಮಗು ಸದಾ ಮೂಗು ಸುರಿಸುತ್ತಿರುವಂತೆ ಕಂಡರೆ ಆಶ್ಚರ್ಯವಿಲ್ಲ. ಒಂದೊಂದು ವೈರಾಣುವನ್ನು ಎದುರಿಸುತ್ತಾ ದೇಹ ಪಾಠ ಕಲಿಯುತ್ತದೆ. ಎರಡನೆಯ, ಮೂರನೆಯ ತರಗತಿಯ ಹೊತ್ತಿಗೆ ಈ ತೊಂದರೆ ತಾನಾಗಿಯೇ ತಗ್ಗುತ್ತದೆ.

ನೆಗಡಿಗೆ ಬೇಕಾದದ್ದು ವಿಶ್ರಾಂತಿ, ಬಿಸಿ ಗಂಜಿ, ಸಾಕಷ್ಟು ನೀರು, ಜ್ವರವಿದ್ದರೆ ಮಗುವಿನ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್. ಆಂಟಿಬಯಾಟಿಕ್‌ಗಳು ವೈರಾಣುವಿನ ಮೇಲೆ ಕೆಲಸ ಮಾಡುವುದಿಲ್ಲ. "ಒಂದು ಸೂಜಿ ಹಾಕಿಬಿಡಿ" ಎಂದು ದಯವಿಟ್ಟು ಒತ್ತಾಯಿಸಬೇಡಿ. ಔಷಧಿಯ ಸಹಾಯವಿಲ್ಲದೆ ಜ್ವರ ಬಿಟ್ಟು ಒಂದು ದಿನ ಕಳೆದ ಮೇಲೆ ಮಗುವನ್ನು ಶಾಲೆಗೆ ಕಳುಹಿಸಿ.

ಆದರೆ ಕೆಲವು ಲಕ್ಷಣ ಕಂಡರೆ ತಡಮಾಡಕೂಡದು. ಮೂರು ದಿನ ಕಳೆದರೂ ಇಳಿಯದ ಜ್ವರ, ಉಸಿರಾಡುವಾಗ ಪಕ್ಕೆಲುಬು ಒಳಕ್ಕೆ ಸೆಳೆಯುವುದು, ಮಂಕು ಕವಿಯುವುದು, ಮೂತ್ರ ತೀರಾ ಕಡಿಮೆಯಾಗುವುದು ಇವುಗಳಲ್ಲಿ ಯಾವುದಿದ್ದರೂ ಕೂಡಲೇ ವೈದ್ಯರಿಗೆ ತೋರಿಸಿ. ಡೆಂಗಿಯಲ್ಲಿ ಅಪಾಯ ಬರುವುದು ಸಾಮಾನ್ಯವಾಗಿ ಜ್ವರ ಇಳಿಯುವ ಹೊತ್ತಿನಲ್ಲೇ. ಆಗ ಹೊಟ್ಟೆನೋವು, ಪದೇ ಪದೇ ವಾಂತಿ, ತಣ್ಣಗಾದ ಕೈಕಾಲು ಕಂಡುಬಂದರೆ ಆಸ್ಪತ್ರೆಗೆ ಓಡಬೇಕು.

ಶಾಲೆಯಲ್ಲೇ ಸಿಗುವ ಸೇವೆ

ನಮ್ಮ ಸರ್ಕಾರಿ ಶಾಲೆಗಳಲ್ಲಿ ಮಗುವಿಗೆ ಪಾಠದ ಜೊತೆಗೆ ಇನ್ನೂ ಹಲವು ಸೌಲಭ್ಯಗಳಿವೆ. ಬಿಸಿಯೂಟವಿದೆ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲಿದೆ. 2015ರಿಂದ ನಡೆಯುತ್ತಿರುವ ಜಂತುಹುಳು ನಿವಾರಣಾ ದಿನದಂದು ಅಲ್ಬೆಂಡಜೋಲ್ ಮಾತ್ರೆಯನ್ನು ಅಗಿದು ತಿನ್ನಿಸುತ್ತಾರೆ. ರಕ್ತಹೀನತೆ ತಡೆಯಲು ಕಬ್ಬಿಣಾಂಶದ ಮಾತ್ರೆಯನ್ನು ವಾರಕ್ಕೊಂದರಂತೆ ಕೊಡುವ ಯೋಜನೆಯಿದೆ. ಐದರಿಂದ ಒಂಬತ್ತು ವರ್ಷದವರಿಗೆ ಗುಲಾಬಿ ಬಣ್ಣದ ಮಾತ್ರೆ, ಹತ್ತು ದಾಟಿದವರಿಗೆ ನೀಲಿ. ಮಲ ಕಪ್ಪಗಾಯಿತೆಂದು ಹೆದರಿ ನಿಲ್ಲಿಸಬೇಡಿ. ಅದು ಕಬ್ಬಿಣದ ಬಣ್ಣ, ಅಷ್ಟೆ.

ಐದರಿಂದ ಆರು ವರ್ಷದೊಳಗೆ ಡಿಪಿಟಿಯ ಎರಡನೇ ಬೂಸ್ಟರ್, ಹತ್ತನೇ ವರ್ಷಕ್ಕೆ ಟಿಡಿ ಚುಚ್ಚುಮದ್ದು ಆಗಿರಬೇಕು. ತಾಯಿ ಕಾರ್ಡನ್ನು ಟ್ರಂಕಿನ ತಳಕ್ಕೆ ಹಾಕಿ ಮರೆಯುವವರೇ ಹೆಚ್ಚು. ಒಮ್ಮೆ ತೆಗೆದು ನೋಡಿ.

ಇವೆಲ್ಲಕ್ಕಿಂತ ಮುಖ್ಯವಾದದ್ದು ವರ್ಷಕ್ಕೊಮ್ಮೆ ನಡೆಯುವ ಆರೋಗ್ಯ ತಪಾಸಣೆ. 2013ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಶಾಲೆಗೇ ಬರುತ್ತದೆ. "ಆ ದಿನ ಪಾಠವಿಲ್ಲ, ಮನೆಯಲ್ಲೇ ಇರಲಿ" ಎಂದು ಮಗುವನ್ನು ಉಳಿಸಿಕೊಳ್ಳಬಾರದು. ಏಕೆ ಎಂಬುದಕ್ಕೆ ನನ್ನದೇ ತಪ್ಪನ್ನು ಹೇಳುತ್ತೇನೆ.

ನಾನು ಬರೆದುಕೊಟ್ಟ ಟಾನಿಕ್

ಕೆಲವು ವರ್ಷಗಳ ಹಿಂದಿನ ಮಾತು. ಸೆಪ್ಟೆಂಬರ್‌ನಲ್ಲಿ ಕೃಷ್ಣರಾಜಪೇಟೆ ತಾಲ್ಲೂಕಿನ ಹಳ್ಳಿಯೊಂದರಿಂದ ಒಬ್ಬ ತಾಯಿ ನಾಲ್ಕನೇ ತರಗತಿಯ ಮಗಳನ್ನು ಕರೆತಂದಿದ್ದರು. ಮೂರನೆಯ ತರಗತಿಯವರೆಗೆ ಜಾಣೆಯಾಗಿದ್ದವಳು ಈ ವರ್ಷ ದಡ್ಡಿಯಾಗಿದ್ದಾಳೆ, ಬೋರ್ಡಿನಲ್ಲಿ ಬರೆದದ್ದನ್ನು ತಪ್ಪು ತಪ್ಪಾಗಿ ಇಳಿಸುತ್ತಾಳೆ, ಮನೆಯಲ್ಲಿ ಏಟು ತಿಂದರೂ ಸರಿಹೋಗಿಲ್ಲ, ನೆನಪಿನ ಶಕ್ತಿಗೆ ಟಾನಿಕ್ ಬೇಕು ಎಂದರು. ಹೊರಗೆ ರೋಗಿಗಳ ಸಾಲು. ಎದೆ, ಹೊಟ್ಟೆ ನೋಡಿ ಟಾನಿಕ್ ಬರೆದುಕೊಟ್ಟೆ.

ಡಿಸೆಂಬರ್‌ನಲ್ಲಿ ಶಾಲೆಯವರು ಮಕ್ಕಳನ್ನು ಗೋವಿಂದನಹಳ್ಳಿಗೆ ಕರೆದೊಯ್ದರು. ಅಲ್ಲಿಯ ಪಂಚಲಿಂಗೇಶ್ವರ ದೇವಾಲಯ ಹೊಯ್ಸಳರ ಕಾಲದ್ದು, ಒಂದೇ ಸಾಲಿನಲ್ಲಿ ಐದು ಗುಡಿಗಳು. ಉಳಿದ ಮಕ್ಕಳು ಅಂಗಳದಲ್ಲಿ ನಿಂತು ಗೋಡೆಯ ಮೂರ್ತಿಗಳನ್ನು ಬೆರಳಿಟ್ಟು ತೋರಿಸುತ್ತಿದ್ದರೆ, ಈ ಹುಡುಗಿ ಮಾತ್ರ ಕಲ್ಲಿಗೆ ಮುಖ ತಾಗುವಷ್ಟು ಹತ್ತಿರ ಹೋಗಿ ನೋಡುತ್ತಿದ್ದಳಂತೆ. ಅದನ್ನು ಗಮನಿಸಿದವರು ಆಕೆಯ ಶಿಕ್ಷಕಿ, ವೈದ್ಯನಾದ ನಾನಲ್ಲ! ಕಣ್ಣಿನ ಪರೀಕ್ಷೆಯಲ್ಲಿ ಸಮೀಪದೃಷ್ಟಿ ದೋಷವೆಂದು ತಿಳಿಯಿತು. ಕನ್ನಡಕ ಬಂದ ಮೇಲೆ ಆಕೆ ಮತ್ತೆ ಜಾಣೆಯಾದಳು. ಟಾನಿಕ್ಕಿನ ಶೀಶೆ ಅರ್ಧ ಹಾಗೆಯೇ ಉಳಿದಿತ್ತು.

ನಾಲ್ಕನೆಯ ತರಗತಿಯಲ್ಲೇ ಏಕೆ ತಿಳಿಯಿತು? ನಮ್ಮ ಶಾಲೆಗಳಲ್ಲಿ ಮೂರನೆಯ ತರಗತಿಯವರೆಗೆ ನಲಿ-ಕಲಿ. ಮಕ್ಕಳು ಗುಂಪಾಗಿ ಕುಳಿತು ಕಾರ್ಡುಗಳನ್ನು ಕೈಯಲ್ಲಿ ಹಿಡಿದು ಓದುತ್ತಾರೆ. ಹತ್ತಿರದ್ದು ಚೆನ್ನಾಗಿ ಕಾಣುವ ಮಗುವಿಗೆ ಅಲ್ಲಿ ಕಷ್ಟವಾಗುವುದಿಲ್ಲ. ದೂರದ ಬೋರ್ಡು ನೋಡಿ ಬರೆಯಬೇಕಾದಾಗ ದೋಷ ಹೊರಬೀಳುತ್ತದೆ. ಅಲ್ಲದೆ ಈ ದೋಷ ಹಲವರಲ್ಲಿ ಶುರುವಾಗುವುದೂ ಎಂಟು-ಹತ್ತರ ವಯಸ್ಸಿನಲ್ಲೇ. ತನಗೆ ಕಾಣುತ್ತಿಲ್ಲ ಎಂದು ಮಗು ಹೇಳುವುದಿಲ್ಲ. ಜಗತ್ತು ಎಲ್ಲರಿಗೂ ಹಾಗೆಯೇ ಮಸುಕಾಗಿದೆ ಎಂದು ಅದು ತಿಳಿದಿರುತ್ತದೆ.

ಮನೆಯಲ್ಲೇ ಹೀಗೆ ಪರೀಕ್ಷಿಸಬಹುದು. ಗೋಡೆಯ ಕ್ಯಾಲೆಂಡರಿನಿಂದ ಇಪ್ಪತ್ತು ಅಡಿ ದೂರದಲ್ಲಿ ಮಗುವನ್ನು ನಿಲ್ಲಿಸಿ, ಒಂದೊಂದೇ ಕಣ್ಣು ಮುಚ್ಚಿಸಿ ಅಂಕಿಗಳನ್ನು ಓದಿಸಿ. ಅದೇ ವಯಸ್ಸಿನ ಇನ್ನೊಂದು ಮಗು ಓದುವುದನ್ನು ಇದು ಓದದಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣು ತೋರಿಸಿ. ಹಾಗೆಯೇ ಬೆನ್ನ ಹಿಂದಿನಿಂದ ಮೆಲ್ಲಗೆ ಹೆಸರು ಕರೆದು ನೋಡಿ. ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿಯ ಪರದೆಯ ಹಿಂದೆ ನೀರು ನಿಂತು ಕೇಳಿಸುವುದು ಕಡಿಮೆಯಾಗಬಹುದು. "ಹೇಳಿದ ಮಾತು ಕೇಳುವುದಿಲ್ಲ" ಎಂಬ ದೂರಿನ ಹಿಂದೆ ಕೆಲವೊಮ್ಮೆ ಇದೇ ಕಾರಣವಿರುತ್ತದೆ.

ಭಾನುವಾರ ಬಾರದ ಹೊಟ್ಟೆನೋವು

ದಸರಾ ರಜೆ ಮುಗಿದು ಶಾಲೆ ತೆರೆದಾಗ ಬರುವ ಇನ್ನೊಂದು ದೂರು ಹೊಟ್ಟೆನೋವು. ಬೆಳಿಗ್ಗೆ ಹೊಕ್ಕುಳ ಸುತ್ತ ನೋವು, ಹತ್ತು ಗಂಟೆಗೆ ಮಾಯ. ಭಾನುವಾರ ಸುಳಿವೇ ಇಲ್ಲ. ಮಗು ನಾಟಕವಾಡುತ್ತಿಲ್ಲ, ನೋವು ನಿಜವಾದದ್ದೇ. ಆದರೆ ಅದರ ಬೇರು ಹೊಟ್ಟೆಯಲ್ಲಿಲ್ಲ, ಮನಸ್ಸಿನಲ್ಲಿದೆ. ಗದರಿಸದೆ ವಿಚಾರಿಸಿ: ಯಾರಾದರೂ ಹೊಡೆಯುತ್ತಾರೆಯೇ? ಲೆಕ್ಕ ಅರ್ಥವಾಗುತ್ತಿಲ್ಲವೇ? ಶೌಚಾಲಯಕ್ಕೆ ಹೋಗಲು ಹಿಂಜರಿಕೆಯೇ? ಶೌಚಾಲಯ ಸರಿಯಿಲ್ಲವೆಂದು ನೀರೇ ಕುಡಿಯದ ಹೆಣ್ಣುಮಕ್ಕಳು ಉರಿಮೂತ್ರ, ಮಲಬದ್ಧತೆಯಿಂದ ನರಳುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಇದಕ್ಕೆ ಮದ್ದು ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿದೆ, ಔಷಧಿ ಅಂಗಡಿಯಲ್ಲಲ್ಲ. ರಾತ್ರಿ ನಿದ್ದೆಯಿಂದ ಎಬ್ಬಿಸುವ, ತೂಕ ಇಳಿಸುವ, ಒಂದೇ ಕಡೆ ಕಾಣುವ ನೋವಾದರೆ ಮಾತ್ರ ಕಾರಣ ಬೇರೆಯಿರಬಹುದು. ತಪ್ಪದೆ ತೋರಿಸಿ.

ವರ್ಷದ ಲೆಕ್ಕ

ಜೂನ್‌ನಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ ಮಗುವಿನ ಎತ್ತರ, ತೂಕ ಬರೆದಿಡಿ. ಈ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು ಎರಡರಿಂದ ಮೂರು ಕೆ.ಜಿ. ತೂಕ, ಐದರಿಂದ ಆರು ಸೆಂ.ಮೀ. ಎತ್ತರ ಹೆಚ್ಚಬೇಕು. ಹತ್ತು ಸಲ ನೆಗಡಿಯಾದರೂ ಬೆಳವಣಿಗೆ ಸರಿಯಿದ್ದರೆ ಚಿಂತೆಯಿಲ್ಲ. ನೆಗಡಿಯೇ ಆಗದಿದ್ದರೂ ಬೆಳವಣಿಗೆ ನಿಂತಿದ್ದರೆ ಚಿಂತಿಸಬೇಕು.

ಆರನೆಯ ವರ್ಷದಲ್ಲಿ ಹಾಲುಹಲ್ಲುಗಳ ಹಿಂದೆ ಹೊಸ ದವಡೆ ಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಅದನ್ನೂ ಹಾಲುಹಲ್ಲೆಂದೇ ಹಲವರು ತಿಳಿಯುತ್ತಾರೆ. ಅದು ಜೀವಮಾನದ ಹಲ್ಲು. ಆಲೆಮನೆಯ ಬೆಲ್ಲ ತಿನ್ನಲಿ, ಬೇಡವೆನ್ನುವುದಿಲ್ಲ. ಆದರೆ ಮಲಗುವ ಮುನ್ನ ಹಲ್ಲುಜ್ಜಲಿ. ರಾತ್ರಿ ಒಂಬತ್ತು ಗಂಟೆಯಾದರೂ ನಿದ್ದೆಯಾಗಲಿ, ಮೊಬೈಲು ಪಕ್ಕದಲ್ಲಿರುವುದು ಬೇಡ.

ಕೆಮ್ಮುವ ಮಗು ಎಲ್ಲರ ಗಮನ ಸೆಳೆಯುತ್ತದೆ. ಬೋರ್ಡು ಕಾಣದೆ ಸುಮ್ಮನೆ ಕುಳಿತ ಮಗು ಯಾರ ಕಣ್ಣಿಗೂ ಬೀಳುವುದಿಲ್ಲ. ಮುಂದಿನ ಸಲ ಅಂಕಪಟ್ಟಿಯಲ್ಲಿ ಕಡಿಮೆ ಅಂಕ ಕಂಡಾಗ ಕೈ ಎತ್ತುವ ಮೊದಲು ಆ ಕ್ಯಾಲೆಂಡರಿನ ಪರೀಕ್ಷೆಯೊಂದನ್ನು ಮಾಡಿ ನೋಡಿ.