ಆಪರೇಷನ್ ಫಾರಂ ಮೇಲೆ ಸಹಿ ಯಾರದು?

"ಅವಳಿಗೆ ಮಾತ್ರ ಹೇಳಬೇಡಿ ಡಾಕ್ಟ್ರೇ, ಗಡ್ಡೆ ಅಂತಷ್ಟೇ ಹೇಳಿ." ಬಯಾಪ್ಸಿ ವರದಿಯಲ್ಲಿ ಸ್ತನ ಕ್ಯಾನ್ಸರ್ ಎಂದು ಬಂದ ದಿನ ಎಷ್ಟೋ ಮನೆಗಳಲ್ಲಿ ಮೊದಲು ಹೊರಡುವ ಮಾತು ಇದು. ಎಲ್ಲಿ ಹೆದರಿಬಿಡುತ್ತಾಳೋ ಎಂಬ ಕಕ್ಕುಲಾತಿಯಿಂದಲೇ ಆಡುತ್ತಾರೆ. ಆಮೇಲೆ ಆಪರೇಷನ್ ಫಾರಂ ಮುಂದೆ ಬಂದಾಗ ಯಜಮಾನರೋ ಮಗನೋ ಸಹಿ ಹಾಕುತ್ತಾರೆ. ಕಾನೂನು ಇದನ್ನು ಒಪ್ಪುವುದಿಲ್ಲ. ಹದಿನೆಂಟು ತುಂಬಿ, ಬುದ್ಧಿ ಸ್ಥಿಮಿತದಲ್ಲಿರುವ ಹೆಂಗಸಿಗೆ ಶಸ್ತ್ರಚಿಕಿತ್ಸೆ ಮಾಡಬೇಕಾದರೆ ಒಪ್ಪಿಗೆ ಕೊಡಬೇಕಾದವಳು ಅವಳೇ. ಗಂಡ ಸಾಕ್ಷಿಯಾಗಿ ಸಹಿ ಹಾಕಬಹುದು, ಅವಳ ಬದಲಿಗೆ ಅಲ್ಲ. ಕಾಯಿಲೆ ಏನೆಂದೇ ತಿಳಿಯದೆ ಅವಳು ಹಾಕಿದ ಸಹಿಗೂ ಬೆಲೆಯಿಲ್ಲ.

ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರ ಜನವರಿ 16ರಂದು ಇದನ್ನು ಇತ್ಯರ್ಥ ಮಾಡಿದೆ. ಲ್ಯಾಪರೋಸ್ಕೋಪಿ ಪರೀಕ್ಷೆಗೆ ಒಪ್ಪಿದ್ದ ಮಹಿಳೆ ಅರಿವಳಿಕೆಯಲ್ಲಿ ಮಲಗಿದ್ದಾಗ, ವೈದ್ಯರು ಹೊರಗಿದ್ದ ತಾಯಿಯನ್ನು ಕೇಳಿ ಗರ್ಭಕೋಶ, ಅಂಡಾಶಯ ತೆಗೆದಿದ್ದರು. ರೋಗಿಯ ಹಿತಕ್ಕೇ ಮಾಡಿದ್ದು ಎಂದು ಕೋರ್ಟ್ ನಂಬಿತು. ಆದರೂ ಮಗಳು ವಯಸ್ಕಳಾಗಿರುವಾಗ ತಾಯಿಯ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದಿತು. ವೈದ್ಯರ ಶುಲ್ಕ ರದ್ದಾಯಿತು, ಮೇಲೆ ₹25,000 ಪರಿಹಾರ. ಮೊತ್ತ ಕಂಡು ಮೂಗು ಮುರಿಯಬೇಡಿ, ಒಪ್ಪಿಗೆಯ ತಕರಾರು ಎದ್ದಾಗಲೆಲ್ಲ ವಕೀಲರು ಮೊದಲು ತೆಗೆಯುವುದು ಇದೇ ತೀರ್ಪನ್ನು. ಕೋರ್ಟ್ ಬಿಟ್ಟಿರುವ ವಿನಾಯಿತಿ ಒಂದೇ: ಎಚ್ಚರವಾಗುವವರೆಗೆ ಕಾದರೆ ಜೀವಕ್ಕೋ ಆರೋಗ್ಯಕ್ಕೋ ಅಪಾಯ ಎನ್ನುವಂತಿದ್ದರೆ ವೈದ್ಯರು ಮುಂದುವರಿಯಬಹುದು.

ಸ್ತನದ ಶಸ್ತ್ರಚಿಕಿತ್ಸೆಗೆ ಇದು ನೇರವಾಗಿ ತಾಕುತ್ತದೆ. ಕೆಲವೊಮ್ಮೆ ಗಂಟನ್ನು ತೆಗೆದು, ರೋಗಿ ಟೇಬಲ್ ಮೇಲಿರುವಾಗಲೇ ಫ್ರೋಜನ್ ಸೆಕ್ಷನ್ ಪರೀಕ್ಷೆಗೆ ಕಳಿಸಿ, ಕ್ಯಾನ್ಸರ್ ಎಂದಾದರೆ ಅಲ್ಲೇ ಸ್ತನವನ್ನೂ ತೆಗೆಯುವುದುಂಟು. ಹೀಗೆ ಎರಡಕ್ಕೂ ಒಟ್ಟಿಗೆ ಒಪ್ಪಿಗೆ ಪಡೆಯಲು ಅದೇ ತೀರ್ಪಿನಲ್ಲಿ ಅವಕಾಶವಿದೆ, ಆದರೆ ಫಾರಂನಲ್ಲಿ ಅದು ಬರೆದಿರಬೇಕು, ಅವಳಿಗೆ ತಿಳಿಸಿರಬೇಕು. ಗಂಟು ಮಾತ್ರವೋ, ಸ್ತನ ಪೂರ್ತಿಯೋ, ಕಂಕುಳಿನ ಗ್ರಂಥಿಗಳೂ ಸೇರಿಯೋ? ಸಹಿಗೆ ಮೊದಲು ಇಷ್ಟನ್ನು ಕೇಳಿ. ರೋಗ ಆರಂಭದ ಹಂತದಲ್ಲಿದ್ದು ವೈದ್ಯರು ಸೂಕ್ತವೆಂದರೆ, ಗಂಟನ್ನಷ್ಟೇ ತೆಗೆದು ರೇಡಿಯೇಷನ್ ಕೊಡಿಸಿದರೂ ಸ್ತನ ಪೂರ್ತಿ ತೆಗೆದಷ್ಟೇ ಆಯುಸ್ಸು ಸಿಗುತ್ತದೆ ಎಂಬುದು ದಶಕಗಳ ಅಧ್ಯಯನಗಳಿಂದ ಖಚಿತವಾಗಿದೆ. ನನ್ನ ವಿಷಯದಲ್ಲಿ ಯಾವುದು ಆಗುತ್ತದೆ ಎಂದು ಕೇಳುವುದು ಅವಳ ಹಕ್ಕು. ಫಾರಂ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಖಾಲಿ ಫಾರಂಗಂತೂ ಸಹಿ ಬೇಡವೇ ಬೇಡ.

ಹಾಗಾದರೆ ಮನೆಯವರಿಗೇನು ಕೆಲಸ? ಬೇಕಾದಷ್ಟಿದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ 17 ಹಕ್ಕುಗಳಿವೆ. ಪುರುಷ ವೈದ್ಯರು ಪರೀಕ್ಷಿಸುವಾಗ ಇನ್ನೊಬ್ಬ ಹೆಂಗಸು ಜೊತೆಗಿರುವುದು ಅದರಲ್ಲೊಂದು. ಅತ್ತಿಗೆಯೋ ತಂಗಿಯೋ ಒಳಗೆ ಬರಲಿ ಎಂದು ಕೇಳಲು ಸಂಕೋಚ ಬೇಡ. ಎರಡನೇ ವೈದ್ಯರ ಅಭಿಪ್ರಾಯ ಪಡೆಯುವ ಹಕ್ಕೂ ಅಲ್ಲಿದೆ. ಅದಕ್ಕೆ ಹೋಗುವಾಗ ವರದಿಯ ಹಾಳೆಯೊಂದೇ ಸಾಲದು. ಬಯಾಪ್ಸಿಯ ಗಾಜಿನ ಸ್ಲೈಡುಗಳನ್ನೂ, ತೆಗೆದ ಮಾಂಸದ ಚೂರನ್ನು ಮೇಣದಲ್ಲಿ ಹುದುಗಿಸಿಟ್ಟ ಬೆರಳ ತುದಿಯಷ್ಟರ ಬ್ಲಾಕನ್ನೂ ಲ್ಯಾಬಿನಿಂದ ಕೇಳಿ ತನ್ನಿ. ಹಾರ್ಮೋನ್ ಗ್ರಾಹಿಗಳ ಪರೀಕ್ಷೆ ನಡೆಯುವುದು ಅದರ ಮೇಲೇ, ಕಳೆದರೆ ಮತ್ತೆ ಸೂಜಿ ಚುಚ್ಚಿಸಿಕೊಳ್ಳಬೇಕಾದೀತು. ಚಿಕಿತ್ಸೆಯ ದಾಖಲೆಗಳನ್ನು ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ವೃತ್ತಿ ನಡಾವಳಿಯ 2002ರ ನಿಯಮಗಳು ಹೇಳುತ್ತವೆ. ಬಾಯಲ್ಲಿ ಕೇಳದೆ ಅರ್ಜಿ ಬರೆದು ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಹಾಕಿಸಿಕೊಳ್ಳಿ.

ದುಡ್ಡಿನ ವಿಷಯ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ₹1.5 ಲಕ್ಷದ ಮಿತಿಯೊಳಗೆ. ತೊಡಕಾಗುವುದು ಪಡಿತರ ಚೀಟಿಯಲ್ಲಿ: ಮದುವೆಯಾಗಿ ಬಂದ ಸೊಸೆಯ ಹೆಸರು ಇನ್ನೂ ತವರಿನ ಕಾರ್ಡಿನಲ್ಲೇ ಇರುತ್ತದೆ. ಅದನ್ನು ಸರಿಪಡಿಸಲು ಓಡಾಡುವುದು ಗಂಡಸರ ಪಾಲಿಗಿರಲಿ. ತುರ್ತಲ್ಲದ ಶಸ್ತ್ರಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲೇ ಕೈಯಲ್ಲಿರಬೇಕು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯವರು ತಾಲ್ಲೂಕು ಆಸ್ಪತ್ರೆಯಲ್ಲಿ ಅಥವಾ ಚಿತ್ರದುರ್ಗದ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಅಡ್ಮಿಟ್ ಆದ ಮೇಲೆ ಪತ್ರಕ್ಕೆ ಓಡಿದರೆ ಫಜೀತಿ. ಅನುಮಾನವಿದ್ದರೆ 104ಕ್ಕೆ ಫೋನ್ ಮಾಡಿ.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಓಡಾಡುವವರಿಗೆ ಇನ್ನೊಂದು ಮಾತು. ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ಥ್ರೀ ಟಿಯರ್ ಎಸಿಯಲ್ಲಿ ಪೂರ್ತಿ ರಿಯಾಯಿತಿಯಿದೆ, ಜೊತೆಗೆ ಹೋಗುವ ಒಬ್ಬರಿಗೆ ಶೇ 75. ಆಸ್ಪತ್ರೆಯಿಂದ ರೈಲ್ವೆಯ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ಹೊಸದುರ್ಗ ರೋಡ್, ಚಿಕ್ಕಜಾಜೂರು ನಿಲ್ದಾಣಗಳಿಂದ ಹತ್ತುವವರಿಗೆ ಇದು ದೊಡ್ಡ ಉಳಿತಾಯ. ಹಿರಿಯೂರಿನವರಿಗೆ ಬಸ್ಸೇ ಗತಿ. ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಸಾರಿಗೆಯಲ್ಲಿ ರೋಗಿಗೂ ಜೊತೆಗಿರುವ ಹೆಂಗಸಿಗೂ ಟಿಕೆಟ್ ದುಡ್ಡಿಲ್ಲ.

ಇಎಸ್‌ಐ ಇರುವ ಕಾರ್ಖಾನೆಯಲ್ಲಿ ದುಡಿಯುವವರು ವಿಸ್ತೃತ ಕಾಯಿಲೆ ಸೌಲಭ್ಯ ಕೇಳಬಹುದು. ಎರಡು ವರ್ಷ ಸತತ ಕೆಲಸ ಮಾಡಿ ವಂತಿಗೆ ಸರಿಯಿದ್ದರೆ ದಿನಗೂಲಿಯ ಶೇ 80 ಸಿಗುತ್ತದೆ.

ಖಾಸಗಿ ಆಸ್ಪತ್ರೆ ದರಪಟ್ಟಿ ತೋರಿಸದಿದ್ದರೆ, ಹೇಳಿದ್ದಕ್ಕಿಂತ ಹೆಚ್ಚು ಬಿಲ್ ಮಾಡಿದರೆ, ಆ ಆಸ್ಪತ್ರೆಯಿರುವ ಜಿಲ್ಲೆಯ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಲ್ಲಿ ಇದಕ್ಕೆ ಅವಕಾಶವಿದೆ. ಪರಿಹಾರವೇ ಬೇಕೆಂದರೆ ಗ್ರಾಹಕ ಆಯೋಗ. 2019ರ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಕಡೆಯೇ ದೂರು ಹಾಕಬಹುದು, ಹಾಗಾಗಿ ಆಸ್ಪತ್ರೆ ಬೆಂಗಳೂರಿನಲ್ಲಿದ್ದರೂ ಕೇಸು ಚಿತ್ರದುರ್ಗದಲ್ಲಿ ನಡೆಯುತ್ತದೆ. ಗಡುವು ಎರಡು ವರ್ಷ. ಕೀಮೋ ಮುಗಿಯಲಿ ನೋಡೋಣ ಎಂದುಕೊಂಡವರಿಗೆ ಇದು ಬೇಗ ಸರಿದುಹೋಗುತ್ತದೆ. ವಕೀಲರ ಖರ್ಚಿಗೆ ಹಿಂಜರಿಯಬೇಕಿಲ್ಲ: 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ, ಆದಾಯ ಪ್ರಮಾಣಪತ್ರ ತರಬೇಕಿಲ್ಲ. ಚಿತ್ರದುರ್ಗದಲ್ಲಿ ಜಿಲ್ಲಾ ಪ್ರಾಧಿಕಾರ, ತಾಲ್ಲೂಕುಗಳಲ್ಲಿ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಹೋಗುವಾಗ ಒಪ್ಪಿಗೆ ಫಾರಂನ ಪ್ರತಿ, ಬಿಲ್ಲುಗಳು, ಡಿಸ್ಚಾರ್ಜ್ ಸಮ್ಮರಿ ಜೊತೆಗಿರಲಿ.